ಮೂರು ವರ್ಷ ಬಿಚ್ಚದ ಬ್ಯಾಂಡೇಜು

ಪ್ರಾಂತೀಯ ಮಂತ್ರಿಗಳಾದ ಮಾನ್ಯರೇ,

ಪಾಕಿಸ್ತಾನದ ನಿಮ್ಮ ಪ್ರಾಂತ್ಯದ ಗ್ರಂಥಾಲಯಗಳಿಗೆಲ್ಲ ಹಂಚಲಾಗಿರುವ ನಿಮ್ಮ ಜೀವನಚರಿತ್ರೆಯ ನೂರಹದಿನಾಲ್ಕು, ನೂರಹದಿನೈದು ಮತ್ತು ನೂರಹದಿನಾರನೆಯ ಪುಟಗಳಲ್ಲಿ ಮೂರು ಸುಳ್ಳುಗಳಿವೆ. ಮೂರನ್ನೂ ಬರೆದವಳು ನಾನು. ಆ ಸುಳ್ಳುಗಳನ್ನೇ ಸಾಕ್ಷಿಯಾಗಿಟ್ಟುಕೊಂಡು, ನೀವು ಹಿಂದೆ ನೋಡಿಕೊಳ್ಳುತ್ತಿದ್ದ ಶಿಕ್ಷಣ ಇಲಾಖೆ ಒಬ್ಬ ಶಿಕ್ಷಕಿಯನ್ನು ಅಮಾನತು ಮಾಡಿದೆ. ಆಕೆ ಒಬ್ಬಳೇ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಬೀಗ ಹಾಕಿದೆ. ಏಪ್ರಿಲ್ ಹದಿನಾರರಂದು ಆಕೆಯ ವಿಚಾರಣೆ. ಅಂದು ಆಕೆ ಸುಳ್ಳುಗಾತಿ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ಶಾಲೆ ಮತ್ತೆ ತೆರೆಯುವುದಿಲ್ಲ. ಸುಳ್ಳು ಹೇಳಿದವಳು ನಾನಾಗಿರುವಾಗ ಆ ಪಟ್ಟ ಆಕೆಗೆ ಏಕೆ ಹೋಗಬೇಕು?

ಕನ್ನಡ ನಿಮಗೆ ಬರುವುದಿಲ್ಲ ಎಂದು ಗೊತ್ತು. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಎರಡು ಸಲ ಕಳಿಸಿದೆ. ಮೊದಲ ಸಲ ಉತ್ತರ ಬರಲಿಲ್ಲ. ಎರಡನೆಯ ಸಲ, ತಮ್ಮ ಅಭಿಮಾನಕ್ಕೆ ಮಂತ್ರಿಗಳು ಆಭಾರಿಯಾಗಿದ್ದಾರೆ ಎಂಬ ಅಚ್ಚಾದ ಕಾರ್ಡು ಬಂತು. ಕನ್ನಡದಲ್ಲಿ, ಅದೂ ಸಿಂಗಪುರದ ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯುವುದಕ್ಕೆ ಬೇರೆ ಕಾರಣವಿದೆ. ನಿಮ್ಮ ಪುಸ್ತಕ ಬರೆದದ್ದಕ್ಕಾಗಿ ಕಳೆದ ನವೆಂಬರಿನಲ್ಲಿ ಹೌಗಾಂಗ್‌ನ ಸಭಾಂಗಣದಲ್ಲಿ ಇದೇ ಸಂಘದವರು ನನಗೆ ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರು ಓದಬಲ್ಲ ಭಾಷೆಯಲ್ಲಿಯೇ ನಾನು ತಪ್ಪೊಪ್ಪಿಕೊಳ್ಳಬೇಕು. ನಿಮ್ಮ ಹೆಸರನ್ನು ಅಚ್ಚು ಮಾಡಲು ಸಂಪಾದಕರು ಒಪ್ಪಲಿಲ್ಲ. ಹಾಗಾಗಿ ಇಲ್ಲಿ ನೀವು ಬರೀ ಒಂದು ಹುದ್ದೆ. ಮುನ್ನೂರು ಪುಟಗಳ ತುಂಬ ನಿಮ್ಮ ಹೆಸರನ್ನೇ ಬರೆದ ನನ್ನ ಕೈಗೆ ಇದರಿಂದ ಸ್ವಲ್ಪ ವಿಶ್ರಾಂತಿಯೂ ಸಿಕ್ಕಿದೆ.

ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. ನಾಲ್ಕು ಜನರಿದ್ದಲ್ಲಿ ಬಾಯಿ ತೆರೆಯಲಾರದವಳು. ಎರಡು ವರ್ಷದ ಹಿಂದೆ ಚೋವಾ ಚು ಕಾಂಗ್‌ನಲ್ಲಿರುವ ನನ್ನ ಅಕ್ಕ ರೋಹಿಣಿಯ ಮನೆಗೆ ಬಂದೆ. ನಮ್ಮ ಭಾವ ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಅವರ ಪರಿಚಯದಿಂದ ಒಂದು ಸಣ್ಣ ಪ್ರಕಾಶನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಊರೆಲ್ಲ ಕ್ರೇನುಗಳು, ವಾರಕ್ಕೊಂದು ಹೊಸ ಕಾಂಡೊ ಕಟ್ಟಡ, ತಿಂಗಳಿಗೊಂದು ಕಂಪನಿಯ ಬೆಳ್ಳಿಹಬ್ಬ. ದುಡ್ಡು ಮಾಡಿದವರಿಗೆಲ್ಲ ಆಗ ತಮ್ಮ ಮೇಲೊಂದು ಪುಸ್ತಕ ಬೇಕಿತ್ತು. ಹೊರಗಿನ ದೇಶಗಳಿಂದಲೂ ಬರುತ್ತಿದ್ದರು. ಸಿಂಗಪುರದಲ್ಲಿ ಅಚ್ಚಾಗಿದೆ ಎಂದರೆ ಅದಕ್ಕೊಂದು ತೂಕ.

ಹೃದಯದ ಚಿಕಿತ್ಸೆಗೆಂದು ಬಂದ ನೀವು ಚಿಕಿತ್ಸೆಯ ಜೊತೆಗೆ ಒಂದು ಜೀವನಚರಿತ್ರೆಯನ್ನೂ ಬರೆಸಿಕೊಂಡು ಹೋಗಲು ನಿರ್ಧರಿಸಿದಿರಿ. ಆರ್ಚರ್ಡ್ ರಸ್ತೆಯ ಹೋಟೆಲಿನಲ್ಲಿ ಹನ್ನೊಂದು ಮಧ್ಯಾಹ್ನ ನಿಮ್ಮೆದುರು ಕೂತು ಬರೆದುಕೊಂಡೆ. ನಮ್ಮೂರಿನ ಓಣಿಯಲ್ಲಿ ಕಲಿತ ಉರ್ದು ನನ್ನದು. ಅದನ್ನು ಕೇಳಿ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಬೇಟಿ, ನಿನ್ನ ಉರ್ದುವಿಗೆ ಖಾರ ಜಾಸ್ತಿ ಬಿದ್ದಿದೆ" ಎಂದಿರಿ. ಪ್ರತಿದಿನ ಮೊದಲ ಪ್ರಶ್ನೆ, ಊಟ ಆಯಿತೇ ಎಂದು. ದೊಡ್ಡವರು ನನ್ನನ್ನು ಅಷ್ಟು ಹೊತ್ತು ಮಾತಾಡಿಸಿದ್ದು ಅದೇ ಮೊದಲು. ಒಳ್ಳೆಯ ಮನುಷ್ಯರು ಎಂದುಕೊಂಡೆ. ಈಗಲೂ ಪೂರ್ತಿ ಅಲ್ಲ ಎನ್ನಲು ನನಗೆ ಆಗುತ್ತಿಲ್ಲ, ಅದೇ ಕಷ್ಟ.

ಇಪ್ಪತ್ತಾರನೆಯ ವಯಸ್ಸಿಗೆ ಪುರಸಭೆ, ಸೈನಿಕ ಆಡಳಿತದಲ್ಲಿ ಏಳು ತಿಂಗಳ ಜೈಲು, ಆಮೇಲೆ ಪ್ರಾಂತೀಯ ಸಭೆ. ನಿಮ್ಮ ಜೈಲಿನ ದಿನಗಳನ್ನು ನಾನು ಪ್ರಾಮಾಣಿಕವಾಗಿ ಬರೆದೆ. ಉಳಿದದ್ದಕ್ಕೆ ಬೇರೆ ಭಾಷೆ ಬೇಕಾಯಿತು. ನೀವು ಮೂರು ಪಕ್ಷ ಬದಲಿಸಿದ್ದನ್ನು 'ಪ್ರತಿ ಹೆಜ್ಜೆಯಲ್ಲೂ ಜನರ ದನಿಗೆ ಕಿವಿಗೊಟ್ಟರು' ಎಂದೆ. ಚುನಾವಣೆಯಲ್ಲಿ ಸೋತು ದುಬೈನಲ್ಲಿದ್ದ ಐದು ವರ್ಷ 'ಆತ್ಮಾವಲೋಕನದ ಕಾಲ'ವಾಯಿತು. ನಿಮ್ಮ ತಮ್ಮನಿಗೆ ಜಿಲ್ಲೆಯ ರಸ್ತೆಗಳ ಗುತ್ತಿಗೆಯೆಲ್ಲ ಸಿಕ್ಕಿದ್ದು 'ಕುಟುಂಬದಲ್ಲಿ ಹರಿದುಬಂದ ಸೇವಾ ಮನೋಭಾವ'ವಾಯಿತು. ನಾನು ಕಲಿತ ಸಾಹಿತ್ಯ ಇಷ್ಟು ಬೇಗ, ಇಷ್ಟು ಸುಲಭವಾಗಿ ಉಪಯೋಗಕ್ಕೆ ಬರುತ್ತದೆಂದು ನನ್ನ ಮೇಷ್ಟರುಗಳು ಯಾರೂ ಹೇಳಿರಲಿಲ್ಲ.

ನಿಮ್ಮ ತಾಯಿಯ ಅಧ್ಯಾಯ ಮಾತ್ರ ಹಾಗಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಗಂಡ ಸತ್ತ ವಾರದಲ್ಲಿ ಮೈದುನ ಒಂದು ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡ, ಹೊಲ ಹೋಯಿತು. ಮಸಿ ಹತ್ತಿದ ಆ ಬೆರಳನ್ನು ಅಮ್ಮ ಇಡೀ ಸಂಜೆ ಬೂದಿ ಹಾಕಿ ಉಜ್ಜುತ್ತಿದ್ದಳು ಎನ್ನುವಾಗ ನಿಮ್ಮ ದನಿ ಕಟ್ಟಿತು. ಅದಕ್ಕೇ ಮಂತ್ರಿಯಾದ ಮೊದಲ ದಿನವೇ ಹೆಣ್ಣುಮಕ್ಕಳ ಶಾಲೆಗಳ ಕಡತಕ್ಕೆ ಸಹಿ ಹಾಕಿದೆ ಎಂದಿರಿ. ನಾನು ಅಳುತ್ತಲೇ ಬರೆದುಕೊಂಡೆ. ಆ ಕಥೆ ನಿಜವೆಂದು ಇವತ್ತಿಗೂ ನಂಬಿದ್ದೇನೆ. ನಿಜವಲ್ಲದಿದ್ದರೆ ನನ್ನ ನಾಚಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು.

ಇನ್ನು ಆ ಮೂರು ಪುಟಗಳ ವಿಷಯ.

ನಮ್ಮ ಕಚೇರಿಯಲ್ಲೊಂದು ಪದ್ಧತಿಯಿತ್ತು. ಪ್ರತಿ ಚಿತ್ರದ ಕೆಳಗಿನ ಅಡಿಬರಹದಲ್ಲಿ ಊರು, ಇಸವಿ, ಒಂದು ಅಂಕಿ ಇರಲೇಬೇಕು. ಅಲ್ಲಿನ ಮಾಲೀಕರು ಬೆಂಗಳೂರಿನ ಕಡೆಯವರು, ನಾನು ಅಂಕಲ್ ಎನ್ನುತ್ತಿದ್ದೆ. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: "ನೋಡಮ್ಮಾ, ಈ ಮೂರೂ ಇದ್ರೆ ಫೋಟೊ ಎವಿಡೆನ್ಸ್ ಆಗತ್ತೆ. ಇಲ್ಲಾಂದ್ರೆ ಬರೀ ಫೋಟೊ." ಅದು ಎಷ್ಟು ನಿಜವಾಗಬಹುದೆಂದು ಅವರಿಗೂ ಗೊತ್ತಿರಲಿಲ್ಲ.

ನಿಮ್ಮ ಕಚೇರಿಯಿಂದ ಒಂದು ಸಿಡಿಯಲ್ಲಿ ಚಿತ್ರಗಳು ಬಂದವು, ಜೊತೆಗೊಂದು ಪಟ್ಟಿ. ಮೂರು ಊರುಗಳಲ್ಲಿ ಮೂರು ಶಾಲೆಗಳ ಉದ್ಘಾಟನೆ. 2003, 2004, 2005. ಮೊದಲ ಚಿತ್ರದಲ್ಲಿ ಹುಡುಗಿಯರ ದುಪಟ್ಟಾ ಬಿಳಿ, ಎರಡನೆಯದರಲ್ಲಿ ನೀಲಿ, ಮೂರನೆಯದರಲ್ಲಿ ಹಸಿರು. ಬಾಗಿಲ ಮೇಲಿನ ಬೋರ್ಡುಗಳೂ ಬೇರೆ ಬೇರೆ. ಮಾತು ಕಡಿಮೆ ಇರುವವರು ನೋಡುವುದು ಜಾಸ್ತಿ. ಮೊದಲ ಚಿತ್ರದ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ, ಎಂಟೊಂಬತ್ತು ವರ್ಷದವಳು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿದ್ದಾಳೆ. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಬಟ್ಟೆಯ ತುದಿ ಮೊಲದ ಕಿವಿಯ ಹಾಗೆ ಎರಡಾಗಿ ನಿಂತಿದೆ. ಎರಡನೆಯ ಚಿತ್ರದಲ್ಲಿ ಅವಳು ಸಾಲಿನ ಕೊನೆಯಲ್ಲಿದ್ದಾಳೆ. ಮೂರನೆಯದರಲ್ಲಿ ನಿಮ್ಮ ಪಕ್ಕದಲ್ಲೇ, ನಿಮ್ಮ ಕೈ ಅವಳ ತಲೆಯ ಮೇಲಿದೆ. ಮೂರರಲ್ಲೂ ಅದೇ ಬ್ಯಾಂಡೇಜು, ಅದೇ ಎರಡು ಕಿವಿ. ಮಾನ್ಯರೇ, ನಿಮ್ಮ ಪ್ರಾಂತ್ಯದಲ್ಲಿ ಗಾಯಗಳು ಮಾಯುವುದಕ್ಕೆ ಮೂರು ವರ್ಷ ಬೇಕೋ, ಅಥವಾ ಮೂರು ವರ್ಷಗಳು ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತವೋ? ಮಕ್ಕಳು ಎತ್ತರವಾಗುವುದನ್ನೂ ನಿಮ್ಮ ಇಲಾಖೆ ತಡೆಹಿಡಿದಿತ್ತೇ?

ನಾನು ಮೂರೂ ಚಿತ್ರಗಳನ್ನು ಪ್ರಿಂಟು ತೆಗೆದುಕೊಂಡು ಮಾಲೀಕರ ಬಾಗಿಲಲ್ಲಿ ನಿಂತೆ. ಅವರು ಕರೆಯುವತನಕ ನಿಂತೇ ಇದ್ದೆ.

"ಏನಮ್ಮಾ ಸುರೇಖಾ, ಪಿಲ್ಲರ್ ಆಗ್ಬಿಟ್ಯಾ? ಒಳಗೆ ಬಾ."

"ಅಂಕಲ್, ಈ ಮೂರೂ ಫೋಟೊದಲ್ಲಿ ಒಂದೇ ಹುಡುಗಿ ಇದಾಳೆ."

"ಯೂನಿಫಾರ್ಮ್ ಹಾಕಿದ್ರೆ ಎಲ್ಲಾ ಮಕ್ಕಳೂ ಒಂದೇ ಥರ ಕಾಣ್ತಾರೆ."

"ಬ್ಯಾಂಡೇಜು ನೋಡಿ ಅಂಕಲ್. ಇಸವಿ ಬೇರೆ ಬೇರೆ ಕೊಟ್ಟಿದಾರೆ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ನಿಧಾನವಾಗಿಯೇ ನೋಡಿದರು. ಆಮೇಲೆ ಕನ್ನಡಕ ತೆಗೆದರು. "ನೀನು ಲಿಟರೇಚರ್ ಓದಿದೀಯಾ, ಪೊಲೀಸ್ ಟ್ರೇನಿಂಗ್ ಅಲ್ಲ. ಫ್ರೈಡೇ ಪ್ರೆಸ್ ಬುಕ್ ಆಗಿದೆ. ಫೋಟೊ ಅವರದ್ದು, ಲಿಸ್ಟ್ ಅವರದ್ದು. ನಮ್ಮದು ಲೇಔಟ್ ಅಷ್ಟೇ. ಬೇಕಾದ್ರೆ ಹಾಕು, ಬೇಡ ಅಂದ್ರೆ ಆ ಪೇಜ್ ಡ್ರಾಪ್ ಮಾಡು. ನೀನೇ ಡಿಸೈಡ್ ಮಾಡು."

ಇದನ್ನು ಓದುವವರು ಗಮನಿಸಬೇಕು. ನನಗೆ ದಾರಿ ಬಿಟ್ಟುಕೊಟ್ಟಿದ್ದರು. ಪುಟ ಬಿಟ್ಟುಬಿಡಬಹುದಿತ್ತು. ಆದರೆ ನಿಮ್ಮ ತಾಯಿಯ ಅಧ್ಯಾಯದ ಬೆನ್ನಿಗೇ ಆ ಶಾಲೆಗಳು ಬರಬೇಕಿತ್ತು. ಅವಿಲ್ಲದಿದ್ದರೆ ನಾನು ಅತ್ತು ಬರೆದ ಅಧ್ಯಾಯಕ್ಕೆ ಕೊನೆಯೇ ಇರುತ್ತಿರಲಿಲ್ಲ. ನನ್ನ ಬರಹ ಚೆನ್ನಾಗಿ ಮುಗಿಯಲಿ ಎಂಬ ಆಸೆಗೆ, ಕಂಪ್ಯೂಟರಿನ ಮುಂದೆ ಕೂತು ಮೂರೂ ಚಿತ್ರಗಳ ಅಂಚುಗಳನ್ನೂ, ಕೈಗಳು ಕಾಣುವ ಕೆಳಭಾಗವನ್ನೂ ಕತ್ತರಿಸಿದೆ. ಎರಡರಲ್ಲಿ ಆ ಹುಡುಗಿಯೇ ಇಲ್ಲ. ನಿಮ್ಮ ಪಕ್ಕದಲ್ಲಿ ನಿಂತ ಚಿತ್ರದಲ್ಲಿ ಮುಖವಿದೆ, ಕೈ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಉಪಾಯ. ಕೆಳಗೆ ಊರು, ಇಸವಿ, ಮಕ್ಕಳೆಷ್ಟು ಎಂಬ ಅಂಕಿ ಹಾಕಿದೆ. ಕರಡು ತೋರಿಸಲು ನಾನು ಹೋಟೆಲಿಗೆ ಬಂದಾಗ ಆ ಪುಟಗಳನ್ನು ನೀವು ಬಹಳ ಹೊತ್ತು ನೋಡಿದಿರಿ. "ಒಳ್ಳೆಯದಾಯಿತು ಬೇಟಿ, ಮುಖಗಳು ಈಗ ದೊಡ್ಡದಾಗಿ ಕಾಣುತ್ತವೆ" ಎಂದು ನನ್ನ ತಲೆಯ ಮೇಲೂ ಕೈಯಿಟ್ಟಿರಿ. ನೀವು ನನ್ನ ಮುಖ ನೋಡಲಿಲ್ಲ, ನಾನು ನಿಮ್ಮದನ್ನು ನೋಡಲಿಲ್ಲ. ಇಬ್ಬರಿಗೂ ಎಲ್ಲ ಗೊತ್ತಿದ್ದಾಗ ಮಾತ್ರ ಹಾಗಾಗುತ್ತದೆ.

ಆ ಹುಡುಗಿಯನ್ನು ನಾನು ಅಷ್ಟು ಬೇಗ ಹೇಗೆ ಗುರುತು ಹಿಡಿದೆ ಎಂಬುದನ್ನೂ ಹೇಳಬೇಕು. ಶಾಲಿನ ಸಮಾರಂಭವಾಗಿ ಕೆಲವು ತಿಂಗಳ ಮೇಲೆ ಪರಿಚಯದ ಪದ್ಮಿನಿ ಆಂಟಿಗೆ ಈ ಕಥೆ ಹೇಳಿದಾಗ ಅವರು ನಕ್ಕು, "ಅಯ್ಯೋ, ಪಾಕಿಸ್ತಾನ ತಾನೆ? ಅಲ್ಲೆಲ್ಲಾ ಅದು ಕಾಮನ್ ಬಿಡಮ್ಮ" ಎಂದರು. ನಾನೂ ಸುಮ್ಮನೆ ನಕ್ಕೆ. ಹಾಗೆ ನಕ್ಕದ್ದಕ್ಕೂ ನಾಚಿಕೆಯಾಗುತ್ತದೆ, ಏಕೆಂದರೆ ನಾನು ಆ ಹುಡುಗಿಯಾಗಿದ್ದೆ. ನಮ್ಮೂರು ಉತ್ತರ ಕರ್ನಾಟಕದ ಹತ್ತಿಯ ನೆಲ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಪಕ್ಕದ ಹಳ್ಳಿಯ ಶಾಲೆಗೆ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹತ್ತಿ ಬಿಡಿಸುವ ಕಾಲ. ಅಲ್ಲಿನ ಹುಡುಗಿಯರೆಲ್ಲ ಹೊಲದಲ್ಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಶಾಲೆಯಲ್ಲಿ. ನಮ್ಮ ಶಾಲೆಯಿಂದ ಹನ್ನೆರಡು ಹುಡುಗಿಯರನ್ನು ಎರವಲು ಕೊಟ್ಟರು. ಅಲ್ಲಿನ ಗುರುಗಳು ನಮ್ಮನ್ನು ಸಾಲಾಗಿ ನಿಲ್ಲಿಸಿ ಹೆಸರು ಹಂಚಿದರು.

"ಏ ಸುರೇಖಾ, ಇವತ್ತ ನೀ ನಿಂಗವ್ವ. ಸಾಹೇಬ್ರು ಹೆಸರ ಕೂಗಿದ್ರ ಎದ್ದ ನಿಂತು 'ಹಾಜರ್ರಿ ಸರ' ಅನ್ನು. ನಿನ್ನ ಹೆಸರ ಸಂಜೀತನಕ ಮರತಬಿಡು."

ಜೀವನದಲ್ಲಿ ಮೊದಲ ಬಾರಿಗೆ ಹತ್ತು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ್ದು ಅಂದು, ಅದೂ ಇನ್ನೊಬ್ಬಳ ಹೆಸರಿನಲ್ಲಿ. ಸಾಹೇಬರು ಸಂತೋಷಪಟ್ಟರು. ನಮಗೆ ಒಂದೊಂದು ಬೂಂದಿ ಉಂಡಿ ಸಿಕ್ಕಿತು. ಮರಳಿ ಬರುವಾಗ ದಾರಿಯ ಪಕ್ಕದ ಹೊಲದಿಂದ ನಿಜವಾದ ನಿಂಗವ್ವ, ಉಡಿಯ ತುಂಬ ಹತ್ತಿ ಕಟ್ಟಿಕೊಂಡು ಓಡಿಬಂದಳು.

"ನನ್ನ ಹೆಸರ ಕೂಗಿದ್ರೇನ?"

"ಹೂಂ, ಕೂಗಿದ್ರು."

"ನೀ ಏನಂದಿ?"

"ಹಾಜರ್ ಅಂದೆ."

ಅವಳ ಮುಖ ಅರಳಿತು. "ಹಂಗಾರ ನಾನೂ ಇವತ್ತ ಸಾಲಿಗಿ ಹೋದಂಗಾತಲ್ಲ!"

ಉಂಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳಿಗೆ ಅರ್ಧ ಕೊಡಲಿಲ್ಲ. ನಿಮ್ಮ ಚಿತ್ರಗಳನ್ನು ನೋಡಿದ ಕ್ಷಣ ಆ ಮಕ್ಕಳು ನಿಂತಿರುವ ರೀತಿಯೇ ನನಗೆ ಎಲ್ಲವನ್ನೂ ಹೇಳಿತು. ಎರವಲು ಬಂದ ಮಕ್ಕಳು ಗೋಡೆಗೆ ಒರಗುವುದಿಲ್ಲ. ಆ ಗೋಡೆ ತಮ್ಮದಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಈ ಫೆಬ್ರವರಿಯಲ್ಲಿ ನಮ್ಮ ಕಚೇರಿಯ ವಿಳಾಸಕ್ಕೆ ಒಂದು ಮಿಂಚಂಚೆ ಬಂತು. ಕಚೇರಿಗೆ ಬರುವ ಪತ್ರಗಳನ್ನೆಲ್ಲ ಮೊದಲು ತೆರೆಯುವವಳು ನಾನೇ. ಬರೆದವರು ಜಮೀಲಾ ಎಂಬ ಶಿಕ್ಷಕಿ, ನಿಮ್ಮ ಮೂರು ಶಾಲೆಗಳಲ್ಲಿ ಮೊದಲನೆಯದರ, ಅಂದರೆ ನಿಜವಾಗಿ ಕಟ್ಟಿದ ಒಂದೇ ಒಂದು ಶಾಲೆಯ ಶಿಕ್ಷಕಿ. ಇಂಗ್ಲಿಷು ಸರಳವಾಗಿತ್ತು, ಬೈಗುಳ ಒಂದೂ ಇರಲಿಲ್ಲ. ಅವರ ಮೂವತ್ತೆರಡು ಮಕ್ಕಳನ್ನು ಒಂದೇ ದಿನ ಮೊದಲು ತಮ್ಮ ಶಾಲೆಯ ಮುಂದೆ ನಿಲ್ಲಿಸಿ, ಬಳಿಕ ಲಾರಿಗೆ ಹತ್ತಿಸಿ ಒಂದು ಹಿಟ್ಟಿನ ಗಿರಣಿಯ ಗೋದಾಮಿಗೆ, ಆಮೇಲೆ ಒಬ್ಬ ಜಮೀನುದಾರರ ಅತಿಥಿಗೃಹಕ್ಕೆ ಕರೆದೊಯ್ದು, ದುಪಟ್ಟಾ ಬದಲಿಸಿ, ಬೋರ್ಡು ಬದಲಿಸಿ ಚಿತ್ರ ತೆಗೆದರಂತೆ. ಉಳಿದೆರಡು ಶಾಲೆಗಳು ಎಲ್ಲಿವೆ ಎಂದು ಅವರು ಲಿಖಿತವಾಗಿ ಕೇಳಿದರು. ಇಲಾಖೆ ಉತ್ತರವಾಗಿ ನಿಮ್ಮ ಪುಸ್ತಕವನ್ನು ತೆರೆದು ತೋರಿಸಿತು: ಇಗೋ ಊರು, ಇಗೋ ಇಸವಿ, ಇಗೋ ಅಂಕಿ, ಸಿಂಗಪುರದಲ್ಲಿ ಅಚ್ಚಾದದ್ದು. ಸುಳ್ಳು ದೂರು ಕೊಟ್ಟರೆಂದು ಅಮಾನತು. ಬೇರೆ ಶಿಕ್ಷಕಿಯಿಲ್ಲದ್ದರಿಂದ ಶಾಲೆಗೆ ಬೀಗ. ಪತ್ರದ ಕೊನೆಯಲ್ಲಿ ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಆ ಬೆಳಿಗ್ಗೆ ಪೆನ್ಸಿಲು ಕೆತ್ತುವಾಗ ನನ್ನ ಹುಡುಗಿಯ ಹೆಬ್ಬೆರಳು ಕೊಯ್ದುಕೊಂಡಿತ್ತು. ನನ್ನ ದುಪಟ್ಟಾದ ಅಂಚು ಹರಿದು ನಾನೇ ಕಟ್ಟಿದ್ದೆ. ಮೂರು ಕಡೆಯೂ ಅವಳು ಆ ಕೈ ಮುಂದೆ ಹಿಡಿದೇ ನಿಂತಿದ್ದಳು. ನಿಮ್ಮ ಪುಸ್ತಕದಲ್ಲಿ ಅವಳ ಕೈ ಎಲ್ಲಿ ಹೋಯಿತು?"

ನನ್ನ ಅಡಿಬರಹಗಳಲ್ಲಿ ಮೂರು ಶಾಲೆಗಳಿವೆ. ನೆಲದ ಮೇಲೆ ಒಂದಿತ್ತು. ನನ್ನ ಪುಸ್ತಕ ಬಂದ ಮೇಲೆ ಅದೂ ಇಲ್ಲ.

ಪತ್ರವನ್ನು ಮಾಲೀಕರಿಗೆ ತೋರಿಸಿದೆ. "ರಿಪ್ಲೈ ಮಾಡ್ಬೇಡ. ಡಿಲೀಟ್ ಮಾಡು. ಕ್ಲೈಂಟ್ ಮ್ಯಾಟರ್ ಇದು, ನಾವು ಮೂಗು ತೂರಿಸಬಾರದು" ಎಂದರು. ಡಿಲೀಟ್ ಮಾಡಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ಹದಿನೆಂಟು ದಿನ ದಿನವೂ ಎಂಆರ್‌ಟಿ ರೈಲಿನಲ್ಲಿ ಹೋಗುತ್ತ ಬರುತ್ತ ಎಲ್ಲರ ಕೈಗಳನ್ನೇ ನೋಡಿದೆ. ಕೊನೆಗೆ ಒಂದು ಭಾನುವಾರ ಮನೆಯಲ್ಲಿ ಬಾಯಿಬಿಟ್ಟೆ. ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಸುರೇಖಾ, ವಿಚಾರ ಮಾಡು. ಕೆಲಸ ಹೋದ್ರ ವರ್ಕ್ ಪಾಸ್ ಕ್ಯಾನ್ಸಲ್. ಒಂದ ತಿಂಗಳದಾಗ ಊರಿಗೆ ಹೊಂಡಬೇಕು. ಮ್ಯಾಲ ನಮ್ಮ ಪಾಸ್‌ಪೋರ್ಟ್ ಯಾವುದು, ಆ ದೇಶ ಯಾವುದು? ಆ ಟೀಚರ್ ನಿನಗ ಬಳಗೇನು?"

"ಬಳಗ ಅಲ್ರೀ" ಎಂದಳು ಅಕ್ಕ, ಒಲೆಯ ಕಡೆ ಮುಖ ಮಾಡಿಕೊಂಡೇ. "ಆದ್ರ ಆ ಮೂವತ್ತೆರಡ ಹುಡಿಗ್ಯಾರ ಹಾಜರಿ ಈಗ ಯಾರ ತಗೋತಾರ?"

ಭಾವ ಊಟ ಮುಗಿಸಿ, ಕೈ ತೊಳೆದು ಬಂದು, "ಆ ಸಿಡಿ ಎಲ್ಲೈತಿ?" ಎಂದು ಕೇಳಿದರು. ಅಂದೇ ಅದರ ಎರಡು ಪ್ರತಿ ಮಾಡಿಟ್ಟರು.

ಆದ್ದರಿಂದ ಮಾನ್ಯರೇ, ನಾನು ಕತ್ತರಿಸದ ಮೂಲ ಚಿತ್ರಗಳು ನನ್ನ ಬಳಿ ಇವೆ. ಕ್ಯಾಮೆರಾ ತಾನೇ ಬರೆದಿಟ್ಟ ತಾರೀಖೂ ಅವುಗಳಲ್ಲಿದೆ, ಮೂರಕ್ಕೂ 2005ರ ಒಂದೇ ತಾರೀಖು. ನಾನು ಏನು ಮಾಡಿದೆ, ಏಕೆ ಮಾಡಿದೆ ಎಂದು ಇಲ್ಲಿನ ವಕೀಲರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ. ಕಳೆದ ವಾರ ಒಂದು ಪ್ರತಿ ವಿಚಾರಣಾಧಿಕಾರಿಗೆ ಹೋಗಿದೆ, ಇನ್ನೊಂದು ಜಮೀಲಾ ಅವರಿಗೆ. ಅವರಿಗೆ ಬರೆದ ಪತ್ರದಲ್ಲಿ ಕ್ಷಮೆ ಕೇಳುವ ವಾಕ್ಯವನ್ನು ನಾಲ್ಕು ಸಲ ತಿದ್ದಿದೆ. ಚೆನ್ನಾಗಿ ಬಂದಾಗಲೆಲ್ಲ ಹೊಡೆದುಹಾಕಿದೆ. ಕೊನೆಗೆ, "ಕೈಯನ್ನು ನಾನೇ ಕತ್ತರಿಸಿದೆ" ಎಂದಷ್ಟೇ ಬರೆದೆ. ಈ ಪತ್ರಿಕೆ ಜನರ ಕೈಸೇರುವಾಗ ನಾನು ಆ ಕಚೇರಿಯಲ್ಲಿ ಇರುವುದಿಲ್ಲ. ಶಾಲನ್ನು ಸಂಘದ ಕಪಾಟಿಗೆ ಮರಳಿಸಿದ್ದೇನೆ. ಸಂಘದವರೇ, ದಯವಿಟ್ಟು ಅದನ್ನು ಇನ್ನು ಯಾರಿಗಾದರೂ ಹೊದಿಸುವ ಮೊದಲು ಅವರ ಪುಸ್ತಕವನ್ನು ಓದಿ.

ನಿಮ್ಮಿಂದ ನಾನು ಕೇಳುವುದು ದೊಡ್ಡದೇನಲ್ಲ. ರಾಜೀನಾಮೆ ಕೇಳುವಷ್ಟು ಎತ್ತರದಲ್ಲಿ ನಾನು ನಿಂತಿಲ್ಲ. ನಿಮ್ಮ ಪುಸ್ತಕದ ಆ ಮೂರು ಪುಟಗಳು ನಿಜವಲ್ಲ ಎಂದು ವಿಚಾರಣೆಗೆ ಮೊದಲು ನೀವೇ ಒಂದು ಸಾಲು ಬರೆದುಕೊಡಿ. ಜಮೀಲಾ ಅವರನ್ನು ಕೆಲಸಕ್ಕೆ ಮರಳಿ ಕರೆಸಿ, ಶಾಲೆಯ ಬೀಗ ತೆಗೆಸಿ. ಇರುವ ಆ ಒಂದು ಶಾಲೆ ನೀವೇ ಕಟ್ಟಿಸಿದ್ದು, ಅದನ್ನಾದರೂ ಉಳಿಸಿಕೊಳ್ಳಿ. ಹೆಬ್ಬೆಟ್ಟು ಒತ್ತಿದ ತಾಯಿಯ ಕಥೆ ಹೇಳುವಾಗ ನಿಮ್ಮ ದನಿ ಕಟ್ಟಿದ್ದು ನಿಜವಾಗಿದ್ದರೆ, ಆ ಹುಡುಗಿಯ ಹೆಬ್ಬೆರಳೂ ನಿಮಗೆ ಕಾಣಬೇಕು.

ನೀವು ಬರೆದುಕೊಡದಿದ್ದರೆ ವಿಚಾರಣಾಧಿಕಾರಿ ನನ್ನನ್ನು ಕೇಳಬಹುದು. ನನಗೆ ನಿಮ್ಮ ದೇಶದ ವೀಸಾ ಸಿಗುತ್ತದೋ ಇಲ್ಲವೋ ತಿಳಿಯದು. ದೂರವಾಣಿಯಲ್ಲಾದರೂ ಸರಿ ಎಂದು ಬರೆದಿದ್ದೇನೆ. ಏಪ್ರಿಲ್ ಹದಿನಾರರಂದು ಬೆಳಗಿನಿಂದ ಅಕ್ಕನ ಮನೆಯ ಫೋನಿನ ಪಕ್ಕದಲ್ಲಿ ಕೂತಿರುತ್ತೇನೆ. ಅಪರಿಚಿತರೊಡನೆ ಫೋನಿನಲ್ಲಿ ಮಾತಾಡಬೇಕೆಂದರೆ ಈಗಲೂ ನನ್ನ ನಾಲಿಗೆ ಒಣಗುತ್ತದೆ. ಆದರೂ ಅಂದು ಯಾರಾದರೂ ಸಾಕ್ಷಿಯ ಹೆಸರು ಕೂಗಿದರೆ ಎದ್ದು ನಿಲ್ಲುತ್ತೇನೆ. ಈ ಸಲ ಕೂಗುವುದು ನನ್ನದೇ ಹೆಸರು. ಹಾಜರ್ ಎನ್ನುತ್ತೇನೆ.

ಇಂತಿ,
ಒಂದು ದಿನದ ಮಟ್ಟಿಗೆ ನಿಂಗವ್ವನಾಗಿದ್ದ, ಉಂಡಿಯನ್ನು ಒಬ್ಬಳೇ ತಿಂದ,
ಸುರೇಖಾ
ಚೋವಾ ಚು ಕಾಂಗ್, ಸಿಂಗಪುರ
ಮಾರ್ಚ್ 2007